ಆಚಾರ್ರ ಬಿದಿರುಕೋಲು

ಮೊನ್ನೆ ಮಗನ ಕಾರಿನಲ್ಲಿ ಬಸವಾಪಟ್ಟಣಕ್ಕೆ ಹೋಗಿ ಬರುವಾಗ, ‘ನಿನ್ನ ಗಾಡಿ ಹಳೆಯದಾದರೂ ಎಂಜಿನ್ ಚೂರೂ ಸದ್ದು ಮಾಡಲ್ಲ ನೋಡು’ ಎಂದೆ. ಅವನು ‘ಹೂಂ ಅಪ್ಪಾಜಿ’ ಎಂದ. ಮನೆಗೆ ಬಂದ ಮೇಲೆ ಹೆಂಡತಿ ಬಾಯಿಬಿಟ್ಟಳು. ಕಾರು ವಾರದಿಂದ ಟೊಕ್ ಟೊಕ್ ಎನ್ನುತ್ತಿದೆಯಂತೆ, ಹಿಂದೆ ಕೂತಿದ್ದ ಅವಳಿಗೆ ತಲೆನೋವೇ ಬಂದಿತ್ತಂತೆ. ನನಗೆ ಬೇಜಾರಾಗದಿರಲಿ ಎಂದು ಮಗ ಹೂಂಗುಟ್ಟಿದ್ದ. ಆ ಹೂಂ ನನಗೆ ಚೆನ್ನಾಗಿ ಗೊತ್ತು. ಒಂದು ಕಾಲಕ್ಕೆ ಅದನ್ನು ನಾನೇ ಒಬ್ಬರಿಗೆ ಹೇಳಿದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಹೊನ್ನಾಳಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಸೆಕೆಂಡ್ ಹ್ಯಾಂಡ್ ಕಾರೊಂದನ್ನು ತಂದು, ಅದರ ಹಿಂದಿನ ಸೀಟು ಕಿತ್ತು, ಸೀರೆಯ ಗಂಟು ತುಂಬಿಕೊಂಡು ನ್ಯಾಮತಿಯಿಂದ ಜಗಳೂರಿನ ತನಕ ಸಂತೆ ಸುತ್ತುತ್ತಿದ್ದೆ. ಬಟ್ಟೆ ಮಾರುವವರೆಲ್ಲ ಊರಿನವರ ಬಾಯಲ್ಲಿ ಸಾವ್ಕಾರ್ರೇ. ‘ಈ ಬಣ್ಣ ನಿಮಗೇ ಅಂತ ಮಾಡಿದಂಗೈತೆ’ ಎಂದು ದಿನಕ್ಕೆ ನೂರು ಸಲ ಹೇಳುವ ಬಾಯಿ ನನ್ನದು. ಕಪ್ಪಗಿದ್ದವರಿಗೂ ಹೇಳುತ್ತಿದ್ದೆ, ಬೆಳ್ಳಗಿದ್ದವರಿಗೂ ಹೇಳುತ್ತಿದ್ದೆ.

ಕಾರು ಕೆಟ್ಟರೆ ನಮ್ಮೂರಿನ ರುದ್ರಾಚಾರ್ರ ಬಳಿ ಹೋಗಬೇಕು. ಅವರ ತಂದೆ ಕುಲುಮೆಯಲ್ಲಿ ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದವರು, ಇವರು ಎಂಜಿನ್ನಿಗೆ ಕೈಹಾಕಿದರು. ಅವರಲ್ಲೊಂದು ಬಿದಿರುಕೋಲು ಇತ್ತು. ಅದರ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ ಮೇಲಿಟ್ಟು ಇನ್ನೊಂದನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರೆಂದರೆ ಸುತ್ತ ನಿಂತವರು ಕೆಮ್ಮನ್ನೂ ತಡೆಹಿಡಿಯುತ್ತಿದ್ದರು. ಕಣ್ಣು ತೆರೆದು ಅವರು ಹೇಳಿದ್ದೇ ಕಾಯಿಲೆ.

ನಾನು ಹೇಳುತ್ತಿರುವ ಕಾಲಕ್ಕೆ ಅವರ ಕಿವಿ ಮಂದವಾಗಿ ಎರಡು ವರ್ಷವಾಗಿತ್ತು. ಊರಿಗೆಲ್ಲ ಗೊತ್ತಿತ್ತು, ಯಾರೂ ಹೇಳಲಿಲ್ಲ. ಅಂಥ ದೊಡ್ಡ ಮನುಷ್ಯನಿಗೆ ಹೇಳುವುದು ಹೇಗೆ? ಎಲ್ಲರೂ ಮೊದಲಿನಂತೆ ಗಾಡಿ ತಂದು ಕೋಲು ಹಚ್ಚಿಸಿಕೊಂಡು, ಅವರು ಹೇಳಿದ್ದಕ್ಕೆ ತಲೆಯಾಡಿಸಿ, ಮರುದಿನ ಸದ್ದಿಲ್ಲದೆ ಚನ್ನಗಿರಿಗೆ ಹೋಗಿ ರಿಪೇರಿ ಮಾಡಿಸಿಕೊಂಡು ಬರುತ್ತಿದ್ದರು. ಬಂದವರು ‘ನೀವು ಹೇಳಿದಂಗೇ ಆಗಿತ್ತು ಆಚಾರ್ರೇ’ ಎನ್ನುತ್ತಿದ್ದರು. ಇದನ್ನು ನಾವೆಲ್ಲ ಮರ್ಯಾದೆ ಎಂದುಕೊಂಡಿದ್ದೆವು.

ನನ್ನ ಕಾರು ಏರು ಹತ್ತುವಾಗ ಒಳಗಿನಿಂದ ಯಾರೋ ಬಾಗಿಲು ಬಡಿದಂತೆ ಸದ್ದು ಮಾಡತೊಡಗಿತು. ಆಚಾರ್ರು ಕೋಲು ಹಚ್ಚಿ, ‘ಟ್ಯಾಪೆಟ್ಟು ಸಡಿಲಾಗೈತೆ, ಅಷ್ಟೇ’ ಎಂದು ಎಂಜಿನ್ನಿನ ಮೇಲ್ಭಾಗ ಬಿಚ್ಚಿ ಬಿಗಿ ಮಾಡಿಕೊಟ್ಟರು. ಬಡಿತ ಹಾಗೇ ಇತ್ತು. ನಾನೂ ಚನ್ನಗಿರಿಯ ದಾರಿ ಹಿಡಿದೆ.

ಅಲ್ಲಿಯ ಮೇಸ್ತ್ರಿ ಎಂಜಿನ್ ಓಡುತ್ತಿರುವಂತೆಯೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಮೂರನೆಯದನ್ನು ಕಿತ್ತಾಗ ಬಡಿತ ತಗ್ಗಿತು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಅದರ ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ನಿಂತ. ನಾನು ನಕ್ಕೆ.

‘ನಗಬ್ಯಾಡ್ರಿ. ಪಕ್ಕದಾಗೆ ತಗಡು ಬಡಿಯೋ ಅಂಗಡಿ ಐತೆ, ನನ್ನ ಕಿವಿ ಎಂದೋ ಹೋದ್ವು. ಹಲ್ಲಾಗೆ ಕಚ್ಚಿದ್ರೆ ತಲಿಯೊಳಗೇ ಕೇಳ್ತೈತೆ. ಮೂರನೇ ಸಿಲಿಂಡರಿನ ಬೇರಿಂಗ್ ಸವೆದೈತೆ. ಹಿಂಗೇ ಓಡಿಸಿದ್ರೆ ಒಂದಿನ ಪಿಸ್ಟನ್ನಿನ ರಾಡು ಮುರಕೊಂಡು ಎಂಜಿನ್ ಒಡಕೊಂಡು ಆಚೆ ಬರ್ತೈತೆ.’

ಬೇರಿಂಗ್ ಹಾಕಿಸಿಕೊಂಡು ಊರಿಗೆ ಬಂದರೆ ಆಚಾರ್ರು ನನ್ನ ಅಂಗಡಿ ಮುಂದೆಯೇ ಕಾದಿದ್ದರು.

‘ಸಾವ್ಕಾರ್ರೇ, ನಿಜ ಹೇಳ್ರಿ. ಈಚೀಚೆಗೆ ಕೋಲು ಹಚ್ಚಿದ್ರೆ ಸದ್ದು ಎಲ್ಲೋ ದೂರದಾಗೆ ಆದಂಗೆ ಆಗ್ತೈತೆ. ಕೆಲಸ ಬಿಟ್ಟುಬಿಡಾನ ಅನ್ನಿಸೈತೆ. ನಿಮ್ಮ ಗಾಡೀದು ಟ್ಯಾಪೆಟ್ಟೇ ಆಗಿತ್ತಾ?’

ಆ ಮನುಷ್ಯ ಮನಸ್ಸಿನ ಬಾಗಿಲು ತೆರೆದೇ ಕೇಳಿದ್ದರು. ನಾನು ಒಳಗೆ ಹೋಗಿ ನಿಜ ಹೇಳಬಹುದಿತ್ತು. ಆದರೆ ಬಣ್ಣ ಒಪ್ಪುತ್ತದೆ ಎನ್ನುವ ಬಾಯಿ ಮುಂದಾಯಿತು.

‘ಹೂಂ, ಟ್ಯಾಪೆಟ್ಟೇ ಆಚಾರ್ರೇ! ನಿಮ್ಮ ಕಿವಿಗೆ ಸಾಟಿಯಿಲ್ಲ!’ ಅವರಿಗೆ ಕೇಳಲೆಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಅವರ ಮುಖ ಅರಳಿತು.

ಹದಿನೈದು ದಿನಕ್ಕೆ ನ್ಯಾಮತಿಯ ಹಾಲಪ್ಪ ತನ್ನ ಬಾಡಿಗೆ ಕಾರು ತಂದ. ಆ ಕಾರೇ ಅವನ ಹೊಲ, ಅವನ ಮನೆ. ಅದೂ ನನ್ನ ಕಾರಿನಂತೆಯೇ ಬಡಿಯುತ್ತಿತ್ತು. ಆಚಾರ್ರು ಕೋಲು ಹಚ್ಚಿ, ‘ಸಾವ್ಕಾರ್ರ ಗಾಡಿಗೂ ಇದೇ ಆಗಿತ್ತು, ಹೆದರಬ್ಯಾಡ’ ಎಂದು ಟ್ಯಾಪೆಟ್ಟು ಬಿಗಿ ಮಾಡಿ ಕಳಿಸಿದರು. ಅವನು ಬಾಡಿಗೆ ಹಿಡಿದು ಜಗಳೂರಿಗೆ ಹೋದ. ದಾರಿಯಲ್ಲಿ ರಾಡು ಮುರಿದು ಎಂಜಿನ್ ಒಡೆಯಿತು. ಯಾರಿಗೂ ಪೆಟ್ಟಾಗಲಿಲ್ಲ, ಕಾರು ಮಾತ್ರ ಗುಜರಿಯಾಯಿತು.

ಹಾಲಪ್ಪ ಬಸ್ಸಿನಲ್ಲಿ ಬಂದು ಮುರಿದ ರಾಡನ್ನು ಆಚಾರ್ರ ಮುಂದೆ ಹಾಕಿದ. ಗಲಾಟೆ ಕೇಳಿ ನಾನೂ ಓಡಿದೆ.

‘ನಿಮಗೆ ಕಿವಿ ಕೇಳಲ್ಲ ಅಂತ ಊರಿಗೆಲ್ಲ ಗೊತ್ತೈತಂತೆ! ನನಗ್ಯಾಕೆ ಹೇಳಲಿಲ್ರೀ ಯಾರೂ?’ ಎಂದು ಅವನು ಅಳುತ್ತಿದ್ದ.

ಆಚಾರ್ರಿಗೆ ಅದು ಎಷ್ಟು ಕೇಳಿಸಿತೋ ತಿಳಿಯದು. ಅವರು ರಾಡಿನ ತುದಿಯಲ್ಲಿ ಸವೆದ ಬೇರಿಂಗನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

‘ನಿಮ್ದೂ ಇದೇ ಆಗಿತ್ತಲ್ರೀ, ಸಾವ್ಕಾರ್ರೇ?’

ತಲೆ ತಗ್ಗಿಸಿದೆ. ಅವರು ಎದ್ದು ತಮ್ಮ ಅಂಗಡಿಯ ಕದ ಎಳೆದರು. ಮತ್ತೆ ಅದನ್ನು ತೆರೆಯಲಿಲ್ಲ, ನನ್ನೊಡನೆ ಮಾತೂ ಆಡಲಿಲ್ಲ. ಎಂಬತ್ತರ ದಶಕದ ನಡುವೆ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಲ್ಲೂ ‘ಎಂಥಾ ಕಿವಿ ಆಚಾರ್ರದು!’ ಎಂದು ಜನ ಹೊಗಳುತ್ತಿದ್ದರು.

ಇವತ್ತು ಬೆಳಿಗ್ಗೆ ಮಗನ ಕೈಯಲ್ಲಿ ಬಾನೆಟ್ ಎತ್ತಿಸಿ, ಓಡುತ್ತಿರುವ ಎಂಜಿನ್ನಿಗೆ ಸ್ಕ್ರೂಡ್ರೈವರ್ ಹಚ್ಚಿ ಕಿವಿಗೊಟ್ಟೆ. ಏನೂ ಇಲ್ಲ. ಚನ್ನಗಿರಿಯ ಮೇಸ್ತ್ರಿ ನೆನಪಾದ. ಹಿಡಿಯನ್ನು ಹಲ್ಲಲ್ಲಿ ಕಚ್ಚಿದೆ. ದವಡೆಯಿಂದ ನೆತ್ತಿಯವರೆಗೆ ಟೊಕ್, ಟೊಕ್, ಟೊಕ್.

‘ಕೇಳ್ತಾ ಅಪ್ಪಾಜಿ?’ ಎಂದ ಮಗ, ನನ್ನ ಕಣ್ಣೀರು ನೋಡಿ ಗಾಬರಿಯಾಗಿ.

ಕೇಳಿಸಿತು. ಅಂದು ನಾನು ನಿಜ ಹೇಳಿ, ಕೋಲನ್ನು ಹಲ್ಲಲ್ಲಿ ಕಚ್ಚಿ ನೋಡಿ ಎಂದಿದ್ದರೆ ಆಚಾರ್ರಿಗೂ ಕೇಳಿಸುತ್ತಿತ್ತು. ಸಾಯುವ ತನಕ ಅವರ ಹಲ್ಲು ಒಂದೂ ಬಿದ್ದಿರಲಿಲ್ಲ.