ಒಗೆಯುವ ಕಲ್ಲಿನ ಬದಿಯ ಅಡುಂಬು ಬಳ್ಳಿ

ಬೆಟಗೇರಿಯ ನಮ್ಮ ಓಣಿಗೆ ನಳದ ನೀರು ಬರುವ ದಿನ ನನಗೆ ಹಬ್ಬವೂ ಹೌದು, ಕವಾಯತೂ ಹೌದು. ಕೊಡ, ಹಂಡೆಗಳನ್ನು ಹಿಂದಿನ ಸಂಜೆಯೇ ತಿಕ್ಕಿ ಬೋರಲು ಹಾಕಿರುತ್ತೇನೆ. ನಳದ ಸಿಹಿ ನೀರು ಅಡುಗೆಮನೆಯಲ್ಲಿ, ಮುಚ್ಚಳದ ಕೆಳಗೆ. ಬೋರಿನ ಸವಳು ನೀರು ಹಿತ್ತಲಿನ ಪೀಪಾಯಿಯಲ್ಲಿ, ಬಟ್ಟೆಗೆ, ಪಾತ್ರೆಗೆ, ನೆಲಕ್ಕೆ. ಎರಡೂ ಬೆರೆಯಬಾರದು. ಸಣ್ಣಾಕಿ ಇದ್ದಾಗಿನಿಂದ ಹಾಸ್ಟೆಲಿನಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವಳು ನಾನು. ಮುಂದೆ ಶಿರಹಟ್ಟಿ ಕಡೆಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿ ನಾನೇ ಗಂಟೆ ಹೊಡೆಸಿದೆ. ನಿವೃತ್ತಿಯಾದರೂ ನನ್ನೊಳಗಿನ ಗಂಟೆ ನಿಂತಿಲ್ಲ.

ಆ ಗಂಟೆಗೆ ಕಿವಿಗೊಡದಿದ್ದವರು ಒಬ್ಬರೇ. ಅದೇ ಶಾಲೆಯ ಚಿತ್ರಕಲಾ ಶಿಕ್ಷಕಿ, ಹೊನ್ನಾವರದ ಆಚೆಯ ಕಡಲ ದಂಡೆಯವರು. ನನ್ನಂತೆಯೇ ಮದುವೆಯಾಗದವರು. ನೌಕರಿಯ ಇಡೀ ಕಾಲ ನಾವಿಬ್ಬರೂ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ನಾನು ಸ್ನಾನ ಮುಗಿಸಿ ಬಂದಾಗ ಅವರಿನ್ನೂ ಚಾದರದೊಳಗೆ. ಬಾಚಣಿಕೆ ಹುಡುಕುವುದರಲ್ಲಿಯೇ ಅವರ ಅರ್ಧ ಬೆಳಗು ಹೋಗುತ್ತಿತ್ತು. ನನ್ನನ್ನು ಅವರು ಕರೆಯುತ್ತಿದ್ದದ್ದು 'ಗಂಟೆಯಮ್ಮ' ಎಂದು. ನಿವೃತ್ತಿಯಾದ ಮೇಲೆ ಅವರು ಊರಿಗೆ, ಅಣ್ಣನ ಮನೆಗೆ ಹೋದರು. ಮೊದಮೊದಲು ವಾರಕ್ಕೊಮ್ಮೆ ಫೋನು ಬರುತ್ತಿತ್ತು. ಆಮೇಲೆ ಹಬ್ಬಕ್ಕೆ.

ಪಿಂಚಣಿಯ ಕೆಲಸಕ್ಕೆಂದು ಒಮ್ಮೆ ಬಂದಾಗ ಚೀಲದಿಂದ ಒದ್ದೆ ಟವೆಲ್ ತೆಗೆದು ನನ್ನ ಮುಂದೆ ಬಿಚ್ಚಿದರು. ಒಳಗೆ ಒಂದು ಬಳ್ಳಿಯ ತುಂಡು.

"ಏನ್ರಿ ಇದು, ಆಡಿನ ಗೊರಸಿನಂಥ ಎಲಿ?" ಎಂದೆ.

"ಅಡುಂಬು. ಅಣ್ಣನ ಮನೆ ಹಿಂದೆ ಮರಳ ಮೇಲೆ ರಾಶಿ ಹಬ್ಬಿದೆ. ಸಮುದ್ರದ ನೀರು ಬಂದು ಹೊಯ್ದರೂ ಇದಕ್ಕೇನೂ ಆಗೂದಿಲ್ಲ."

"ಇಲ್ಲಿ ಬದುಕತೈತೇನು?"

"ನಾ ಬದುಕ್ಲಿಲ್ವಾ?" ಎಂದು ನಕ್ಕರು. "ಹೂ ಬಿಟ್ಟ ದಿನ ಫೋನ್ ಮಾಡಿ ಗಂಟೆಯಮ್ಮ. ಅವತ್ತೇ ಬಸ್ಸು ಹತ್ತುತ್ತೇನೆ. ನಾಲ್ಕು ದಿನ ಇದ್ದು ಹೋಗ್ತೇನೆ."

ಆ ಮಾತನ್ನು ನಾನು ಭದ್ರವಾಗಿ ಇಟ್ಟುಕೊಂಡೆ. ದೊಡ್ಡ ಕುಂಡ ತಂದೆ. ಡಂಬಳದ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಒಂದು ಚೀಲ ಎರೆ ಮಣ್ಣು, ಅದರ ಜೊತೆಗೆ ತಿಪ್ಪೆ ಗೊಬ್ಬರ ತರಿಸಿದೆ. ಬಿಸಿಲು ತಾಗದಂತೆ ಮುಂಬಾಗಿಲ ಕಟ್ಟೆಯ ಮೇಲೆ ಇಟ್ಟೆ. ಬೆಳಗಿನ ಚಹಾಕ್ಕೆ ಮುಂಚೆ ಒಂದು ತಂಬಿಗೆ ನೀರು, ನಳದ ಸಿಹಿ ನೀರು. ಉಪ್ಪು ನೀರಿಗೆ ಜಗ್ಗದ ಬಳ್ಳಿ ಎಂದು ಅವರು ಹೇಳಿದ್ದು ನೆನಪಿತ್ತು. ಆದರೆ ನಮ್ಮ ಕಡೆ ಮನೆಗೆ ಬಂದವರ ಕೈಗೆ ಸವಳು ನೀರು ಕೊಡುವುದುಂಟೆ? ನಾವು ಒಂದು ಗುಟುಕು ಕಡಿಮೆ ಕುಡಿದರೂ ಬಂದವರಿಗೆ ಸಿಹಿ ನೀರೇ. ಅದೂ ದೂರದಿಂದ ಬಂದದ್ದಲ್ಲವೆ.

ಪಕ್ಕದ ಮನೆಯ ನೇಕಾರರ ಹೆಂಡತಿ ಇದನ್ನು ದಿನಾ ನೋಡುತ್ತಿದ್ದಳು.

"ಅಕ್ಕೋರ, ನಾವು ಒಂದ್ ಕೊಡ ಕೇಳಿದ್ರ ಹತ್ತ್ ಸಲ ವಿಚಾರ ಮಾಡ್ತೀರಿ. ಅದಕ್ಕ ಮಾತ್ರ ತಂಬಿಗಿಲೆ ಸುರೀತೀರಿ!"

"ನಿನಗ ಕೈಕಾಲು ಅದಾವು, ತುಂಬಿಕೋ."

"ಖರೆ ಹೇಳ್ರಿ, ಅದೇನ್ ನಿಮ್ಮ ಬೀಗರ ಪೈಕೇನು?"

ಬಳ್ಳಿ ದಷ್ಟಪುಷ್ಟವಾಗಿ ಬೆಳೆಯಿತು. ಎಲೆ ಅಂಗೈಯಷ್ಟು ಅಗಲ. ಹೂವಿನ ಸುಳಿವಿಲ್ಲ. ಒಂದು ಮಳೆಗಾಲ ಹೋಯಿತು, ಇನ್ನೊಂದೂ ಹೋಯಿತು. ಸುಮ್ಮನೆ ಫೋನು ಮಾಡಬಹುದಿತ್ತು; ಯಾರು ಬೇಡ ಅಂದಿದ್ದರು? ಆದರೆ ಏನಂತ ಮಾಡುವುದು? ಆರಾಮಾ, ಊಟ ಆಯ್ತಾ ಎಂದು ಕೇಳಿದರೆ ಮಾತು ಮುಗಿಯುತ್ತದೆ. ಹೂವಿದ್ದರೆ ಅವರು ಬರಬೇಕಾಗುತ್ತದೆ. ಹೀಗಾಗಿ ಹೊಸ ಗೊಬ್ಬರ ಹಾಕಿದೆ, ಕಾದೆ.

ಈ ಬೇಸಿಗೆಯಲ್ಲಿ ಎಲ್ಲಿಯೋ ದೊಡ್ಡ ಪೈಪು ಒಡೆದು ನಳ ಬಂದ್ ಆಯಿತು. ಕೊಂಡು ತಂದ ನೀರು ಕುಡಿಯಲಿಕ್ಕಷ್ಟೆ. ಖಾಲಿ ತಂಬಿಗೆ ಹಿಡಿದು ದಿನಾ ಆ ಬಳ್ಳಿಯ ಮುಖ ನೋಡುವುದು ನನ್ನಿಂದಾಗಲಿಲ್ಲ. ಕುಂಡವನ್ನು ಎಳೆದುಕೊಂಡು ಹೋಗಿ ಹಿತ್ತಲಿನ ಮೂಲೆಗೆ, ಒಗೆಯುವ ಕಲ್ಲಿನ ಹಿಂದೆ ಇಟ್ಟು ಬಂದೆ. ಬಟ್ಟೆ ಒಗೆಯುವಾಗಲೂ ಅದಕ್ಕೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದೆ.

ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಗೋಡೆಯಾಚೆಯಿಂದ ಕೂಗು ಕೇಳಿತು.

"ಅಕ್ಕೋರ! ಜಲ್ದಿ ಬರ್ರಿ, ನಿಮ್ಮ ಬೀಗರು ಏನ್ ಮಾಡ್ಯಾರ ನೋಡ್ರಿ!"

ಹೋಗಿ ನೋಡಿದೆ. ಕುಂಡದೊಳಗೆ ಒಣಗಿದ ದಂಟು. ಆದರೆ ಬಳ್ಳಿ ಅಂಚು ದಾಟಿ ಕೆಳಗಿಳಿದು, ಒಗೆದ ನೀರು ಹರಿದು ಬಿಳಿ ಉಪ್ಪುಗಟ್ಟಿದ ನೆಲದ ಮೇಲೆ ಗೆಣ್ಣುಗೆಣ್ಣಿಗೂ ಬೇರು ಬಿಟ್ಟುಕೊಂಡು ಹರಿದಾಡಿತ್ತು. ಹುಲ್ಲೂ ಏಳದ ಜಾಗ ಅದು. ಅದರ ತುದಿಯಲ್ಲಿ, ಸುಡುವ ಬಿಸಿಲಿನಲ್ಲಿ, ತುತ್ತೂರಿಯಂಥ ಒಂದು ನೇರಳೆ ಹೂವು.

ಪಾತ್ರೆ ಅಲ್ಲಿಯೇ ಬಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಫೋನು ಹಚ್ಚಿದೆ. ಆ ಕಡೆ ಮಕ್ಕಳ ಗದ್ದಲ, ಮಿಕ್ಸರಿನ ಸದ್ದು.

"ಹೂ ಬಿಟ್ಟೈತ್ರಿ," ಎಂದೆ.

"ಯಾವ ಹೂ?"

"ನೀವು ಕೊಟ್ಟಿದ್ರಲ್ಲ, ಅಡುಂಬು."

"ಅಯ್ಯೋ, ಅದಿನ್ನೂ ಇದೆಯಾ? ಇಲ್ಲಿ ಕೇಳ್ಬೇಡಿ, ತುಳಿದ್ಕೊಂಡೇ ಓಡಾಡ್ತೇವೆ!"

ಬಸ್ಸಿನ ಮಾತನ್ನು ನಾನು ಎತ್ತಲಿಲ್ಲ. ನೆನಪು ಮಾಡಿಕೊಟ್ಟು ಕರೆಸಿಕೊಂಡರೆ ಅದು ಬರುವುದಾಗುತ್ತದೆಯೆ? ಮಿಕ್ಸರು ನಿಂತಿತು. ಆಗ ಅವರೇ, ದನಿ ತಗ್ಗಿಸಿ, "ತಡೀರಿ. ಇದು ನಿಮ್ಮ ಪಾತ್ರೆ ತೊಳೆಯೋ ಹೊತ್ತಲ್ವಾ? ಪಾತ್ರೆ ಬಿಟ್ಟು ಫೋನ್ ಮಾಡಿದ್ರಾ? ಮೈಯಲ್ಲಿ ಹುಷಾರಿಲ್ವಾ ಗಂಟೆಯಮ್ಮ?" ಎಂದರು.

"ಅರಾಮ ಅದೀನ್ರಿ. ಹೂ ಬಿಟ್ಟೈತಿ ಅಂತ ಹೇಳಾಕ ಮಾಡಿದೆ, ಅಷ್ಟ."

ಯಾವುದೋ ಮಗು ಅಳತೊಡಗಿತು. ಆಮೇಲೆ ಮಾಡ್ತೇನೆ ಎಂದು ಇಟ್ಟರು.

ನಾನು ಮಣೆ ತಂದು ಹೂವಿನ ಎದುರಿಗೆ ಕೂತೆ. ಪಕ್ಕದ ಮನೆಯ ಮಗ್ಗ ಬಡಿಯುತ್ತಲೇ ಇತ್ತು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಹೂವು ಛತ್ರಿಯಂತೆ ಮಡಚಿಕೊಂಡಿತು. ಆ ಸಂಜೆ ಫೋನು ಬರಲಿಲ್ಲ. ಮರುದಿನ ಇನ್ನೆರಡು ಹೂ ಅರಳಿದವು. ನಾನೂ ಫೋನು ಮಾಡಲಿಲ್ಲ.

ಈಗ ನಳ ಮತ್ತೆ ಬರುತ್ತಿದೆ. ಸಿಹಿ ನೀರಿನ ತಂಬಿಗೆ ಅಡುಗೆಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ಪಾತ್ರೆಗಳನ್ನು ಮಾತ್ರ ಹಿತ್ತಲಿಗೆ ಒಯ್ದು, ಒಗೆಯುವ ಕಲ್ಲಿನ ಮೇಲೆ ಬಳ್ಳಿಯ ಕಡೆ ಮುಖ ಮಾಡಿ ಕೂತು ತೊಳೆಯುತ್ತೇನೆ. ಹೊತ್ತು ಅದೇ. ಫೋನನ್ನು ಕಲ್ಲಿನ ಒಣ ಬದಿಗೆ ಇಟ್ಟುಕೊಂಡಿರುತ್ತೇನೆ.