ಯಾರೂ ಹೊಡೆಯದ ಆಟ

ಐಟಿಯ ಭರಾಟೆಯ ದಿನಗಳಲ್ಲಿ ಹೈದರಾಬಾದಿನ ಒಂದು ಕಂಪನಿಯಲ್ಲಿ ನನಗೆ ವಿಡಿಯೋ ಗೇಮುಗಳ ತಪ್ಪು ಹುಡುಕುವ ಕೆಲಸವಿತ್ತು. ದಿನವಿಡೀ ಆಡಿದ್ದಕ್ಕೆ ಸಂಬಳ ಕೊಡುತ್ತಾರೆಂದರೆ ನಮ್ಮ ಮಾವನವರು ನಂಬುತ್ತಲೇ ಇರಲಿಲ್ಲ. ಆದರೆ ಎಮ್ಮೆಕರು ಮತ್ತು ಕಾಗೆಯ ಕಾರ್ಟೂನಿನಿಂದ ಹೊಡೆದಾಟದ ಗೇಮ್ ಮಾಡುವ ಕೆಲಸ ನಮಗೆ ಬಂದಾಗ ಮನೆಯಲ್ಲಿ ನನ್ನ ಬೆಲೆ ಏಕಾಏಕಿ ಏರಿತು. ಮಾವನವರೂ ಏಳು ವರ್ಷದ ನನ್ನ ಮಗಳೂ ದಿನಾ ಸಂಜೆ ತಪ್ಪದೆ ನೋಡುತ್ತಿದ್ದ ಕಾರ್ಟೂನು ಅದು. ಕಾಗೆ ಕರುವಿನ ಬೆನ್ನೇರಿ ಊರೆಲ್ಲ ತಿರುಗುತ್ತಿತ್ತು, ಅಷ್ಟೇ ಕಥೆ. ‘ನಮ್ಮಮ್ಮ ಮಾಡಾಕತ್ತಿರೋ ಗೇಮ್’ ಎಂದು ಮಗಳು ಇಡೀ ಕ್ಲಾಸಿಗೆ ಡಂಗುರ ಸಾರಿದ್ದಳು.

ಈ ಗೆಳೆಯರು ಯಾಕೆ ಹೊಡೆದಾಡಬೇಕು ಎಂದು ಆಫೀಸಿನಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಗುದ್ದು, ಒದೆ, ಕೊಕ್ಕಿನ ಕುಕ್ಕು ಎಲ್ಲವನ್ನೂ ತಿಂಗಳುಗಟ್ಟಲೆ ಒತ್ತಿ ನೋಡಿ, ಸರಿಯಿದೆ ಎಂದು ಸಹಿ ಹಾಕಿದೆ.

ಗೇಮ್ ಅಂಗಡಿಗೆ ಬಂದ ದಿನವೇ ಹಿಮಾಯತ್‌ನಗರದಲ್ಲಿ ಸಿ.ಡಿ. ಕೊಂಡು ಮಣಿಕೊಂಡದ ಮನೆಗೆ ತಂದೆ. ಮಗಳು ಕರುವಾದಳು, ಮಾವನವರು ಕಾಗೆಯಾದರು. ಇಬ್ಬರ ಕೈಗೂ ಜಾಯ್‌ಸ್ಟಿಕ್ ಕೊಟ್ಟೆ.

“ಕಾಗಿ ಬೆನ್ನ ಮ್ಯಾಲೆ ಯಾವಾಗ ಕೂಡತೈತಿ?” ಎಂದಳು ಮಗಳು.

“ಕೂಡೂದಿಲ್ಲ, ಹೊಡೀಬೇಕು. ಕೆಂಪು ಗುಂಡಿ ಒತ್ತು.”

ಅವಳು ಒತ್ತಲಿಲ್ಲ.

“ಮಾವಾರ, ನೀವರ ಒತ್ರಿ.”

“ಯಾಕ ಹೊಡೀಲಿ ಯವ್ವಾ? ಅದೇನ್ ಮಾಡೇತಿ ನನಗ?” ಎಂದರು. ತಮಾಷೆಗಲ್ಲ, ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಇಬ್ಬರೂ ಸುಮ್ಮನೆ ಕೂತರು. ಪರದೆಯ ಗಡಿಯಾರ ಸೊನ್ನೆಗೆ ಬಂತು, ಗೇಮ್ ಹಾಗೇ ನಿಂತುಹೋಯಿತು. ಯಾವ ಗುಂಡಿಗೂ ಅಲುಗಲಿಲ್ಲ. ಯಾರೂ ಯಾರನ್ನೂ ಹೊಡೆಯದಿದ್ದರೆ ಏನಾಗುತ್ತದೆ ಎಂದು ನಾನು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಆಫೀಸಿನಲ್ಲಿ ಗೇಮಿನ ತಪ್ಪು ದಾಖಲಿಸುವ ಫಾರ್ಮ್ ತೆರೆದೆ. ‘ಏನಾಯಿತು’ ಎಂಬಲ್ಲಿ ಸಲೀಸಾಗಿ ಬರೆದೆ. ‘ಏನಾಗಬೇಕಿತ್ತು’ ಎಂಬಲ್ಲಿ ತಲೆ ಕೆಟ್ಟುಹೋಯಿತು. ಇಬ್ಬರೂ ಸೋತರು ಎನ್ನಬೇಕೋ, ಗೆದ್ದರು ಎನ್ನಬೇಕೋ? ಕೊನೆಗೆ, ಕಾಗೆ ಕರುವಿನ ಬೆನ್ನ ಮೇಲೆ ಕೂರಬೇಕಿತ್ತು ಎಂದು ಬರೆದು ಕಳಿಸಿದೆ. ಹೀಗೆ ಯಾರೂ ಆಡುವುದಿಲ್ಲ ಎಂಬ ಷರಾದೊಂದಿಗೆ ಫಾರ್ಮ್ ಮಧ್ಯಾಹ್ನವೇ ವಾಪಸು ಬಂತು.

ಸಂಜೆ ಹೆದರುತ್ತಲೇ ಮಗಳನ್ನು ಕೇಳಿದೆ, “ಕ್ಲಾಸಿನ್ಯಾಗ ಗೇಮಿನ ಬಗ್ಗೆ ಏನಂದಿ?”

“ಅದು ನಮ್ಮಮ್ಮ ಮಾಡಿದ್ದಲ್ಲ ಅಂತ ಹೇಳೀನಿ,” ಎಂದು ನನ್ನ ಕೈ ಹಿಡಿದುಕೊಂಡಳು.

ನನ್ನನ್ನು ಬಿಟ್ಟುಕೊಟ್ಟಳೋ, ಕಾಪಾಡಿದಳೋ, ಇಂದಿಗೂ ನನಗೆ ತಿಳಿದಿಲ್ಲ.