ಹಾರುವ ನುಸಿ, ನಡೆಯುವ ನುಸಿ

ಮೊನ್ನೆ ಜತ್ತದ ನಮ್ಮ ಅಡುಗೆಮನೆಯಲ್ಲಿ ಮೆಕ್ಕೆಜೋಳದ ಡಬ್ಬಿ ತೆರೆದೆ. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಒಂದು ನುಸಿ ಎದ್ದು ಹಾರಿ ಬಂದು ನನ್ನ ಕನ್ನಡಕದ ಮೇಲೆ ಕುಳಿತಿತು. ನಿಮ್ಮಂಥವರಾಗಿದ್ದರೆ ಒರೆಸಿಕೊಂಡು ಡಬ್ಬಿಯನ್ನು ಬಿಸಿಲಿಗೆ ಇಡುತ್ತಿದ್ದಿರಿ. ನಾನು ಮೂವತ್ತು ವರ್ಷ ಸಾಲಿಯಲ್ಲಿ ವಿಜ್ಞಾನ ಕಲಿಸಿದವಳು, ಕನ್ನಡಕ ತೆಗೆದು ಅದನ್ನೇ ನೋಡುತ್ತ ನಿಂತೆ. ಎಳ್ಳುಕಾಳಿನಷ್ಟು ಮೈ, ಮುಂದಕ್ಕೆ ಚಾಚಿದ ಸೊಂಡಿಲು, ಬೆನ್ನ ಮೇಲೆ ನಾಲ್ಕು ಕೆಂಚು ಚುಕ್ಕೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು.

ಹಾರುವ ನುಸಿ ಕಂಡರೆ ನನಗೆ ನೀಲವ್ವ ಅತ್ತೆಯ ನೆನಪು. ನಮ್ಮಪ್ಪನ ತಂಗಿ, ಉಟಗಿಯವಳು. ಅವಳ ಬೀಜದ ಜೋಳಕ್ಕೆ ಊರಲ್ಲಿ ಹೆಸರಿತ್ತು. ತೆನೆ ಆರಿಸುವುದು, ಒಣಗಿಸುವುದು, ಬೂದಿಯನ್ನೂ ಬೇವಿನ ಎಲೆಯನ್ನೂ ಬೆರೆಸಿ ಗಡಿಗೆ ತುಂಬಿ ಬಾಯಿಗೆ ಸಗಣಿ ಮೆತ್ತುವುದು, ಎಲ್ಲ ಅವಳ ಕೈಯಿಂದಲೇ ಆಗಬೇಕು. ಮಗಳು ಶಾಂತಾಳನ್ನು ಯಳವಿಗೆ ಕೊಟ್ಟ ಮೇಲೆ ವರ್ಷಕ್ಕೊಂದು ಗಡಿಗೆ ಅಲ್ಲಿಗೆ ಹೋಗುತ್ತಿತ್ತು. ತವರಿನಿಂದ ಸೀರೆ ಹೋದರೆ ಒಬ್ಬಳು ಉಡುತ್ತಾಳೆ, ಚಂದವಿಲ್ಲದಿದ್ದರೆ ಪೆಟ್ಟಿಗೆಯಲ್ಲಿಡುತ್ತಾಳೆ. ಬೀಜ ಹಾಗಲ್ಲ. ಅದು ಕೆಟ್ಟರೆ ಆ ಮನೆಯ ಒಂದು ವರ್ಷದ ರೊಟ್ಟಿ ಕೆಡುತ್ತದೆ.

ಒಂದು ವರ್ಷ ಕೆಟ್ಟಿತು. ಹಿಂಗಾರಿ ಬಿತ್ತನೆಗೆಂದು ಗಡಿಗೆ ಸುರಿದರೆ ಕಾಳಿಗಿಂತ ನುಸಿಯೇ ಹೆಚ್ಚು. ಉಟಗಿಯಿಂದಲೇ ನುಸಿ ಬಂದಿದೆ ಎಂದು ಶಾಂತಾಳ ಅತ್ತೆ ಹೇಳಿಕಳಿಸಿದಳು. ನಾನಾಗ ಬಿ.ಎಸ್ಸಿ. ಮುಗಿಸಿ ಹೊಸದಾಗಿ ನೌಕರಿಗೆ ಸೇರಿದ್ದೆ. ಕೊರಳಿಗೆ ತಾಳಿ ಬರುವ ಮೊದಲೇ ಭೂತಗನ್ನಡಿ ಬಂದಿತ್ತು. ಅದನ್ನು ದಾರ ಕಟ್ಟಿ ತೂಗಿಸಿಕೊಂಡು ಓಡಾಡುತ್ತಿದ್ದೆ, ಬಸ್ಸಿನಲ್ಲಿಯೂ. ನೀಲವ್ವ ಅತ್ತೆ ನನ್ನನ್ನೂ ಕರೆದುಕೊಂಡು ಯಳವಿಗೆ ಹೊರಟಳು. ಸೊಂಟದಲ್ಲಿ ಒಂದು ಕಡ್ಡಿಪೆಟ್ಟಿಗೆ ಸಿಕ್ಕಿಸಿಕೊಂಡಿದ್ದಳು. ಅದರಲ್ಲಿದ್ದದ್ದು ನುಸಿ.

ಬೀಗತಿಯ ಅಂಗಳದಲ್ಲಿ ಅದನ್ನು ತೆರೆದು ಅತ್ತೆ ಹೇಳಿದಳು: “ನಮ್ಮ ಮನ್ಯಾಗ ನುಸಿ ಇಲ್ಲಂತ ನಾ ಅನ್ನಾಂಗಿಲ್ರಿ. ತಿನ್ನೂ ಜ್ವಾಳದಾಗ ಅದಾವ, ತಂದೀನಿ ನೋಡ್ರಿ. ಆದ್ರ ಗಡಿಗ್ಯಾಗಿನವು ನಮ್ಮ ಮನೀವಲ್ಲ. ನಮ್ಮವು ಬಿಸಿಲಿಗಿ ಹಾಕಿದ್ರ ನಡಕೋತ ನೆರಳಿಗಿ ಹೋಗ್ತಾವ. ಇವು ಹಾರತಾವ. ಇವು ಮೆಕ್ಕಿಜ್ವಾಳದ ನುಸಿ.”

ಗಡಿಗೆ ಇಟ್ಟಿದ್ದ ಕೋಣೆಯಲ್ಲಿ ತೊಲೆಯ ತುಂಬ ಮೆಕ್ಕೆಜೋಳದ ತೆನೆ ಕಟ್ಟಿದ್ದರು. ನಡುವೆ ಒಮ್ಮೆ ಗಡಿಗೆಯ ಬಾಯಿ ತೆಗೆದು ನೋಡಿದ್ದೂ ಉಂಟಂತೆ. ಅತ್ತೆ ಎರಡು ಮೊರದಲ್ಲಿ ಎರಡೂ ಕಡೆಯ ನುಸಿ ಹಾಕಿ ಬಿಸಿಲಿಗಿಟ್ಟಳು. ಗಡಿಗೆಯವು ಎರಡು ಮೂರು ಎದ್ದು ಹಾರಿದವು. ಅಷ್ಟರಲ್ಲಿ ಮೋಡ ಬಂತು, ಉಳಿದವು ಸುಮ್ಮನಾದವು.

“ಬಾಯಾರು ನೋಡಿ ಹೇಳ್ಲಿ, ಕಲ್ತವರು ಅದಾರ,” ಎಂದಳು ಬೀಗತಿ.

ನನ್ನನ್ನು ಬಾಯಾರು, ಅಂದರೆ ಟೀಚರಮ್ಮ, ಎಂದು ದೊಡ್ಡವರೊಬ್ಬರು ಕರೆದದ್ದು ಅದೇ ಮೊದಲು. ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿ ನೋಡಿದೆ. ಅಳತೆ ಅದೇ, ಚುಕ್ಕೆ ಅವೇ, ಸೊಂಡಿಲೂ ಅದೇ. ಹುಳ ಒಮ್ಮೆ ಹಾರುತ್ತವೆ, ಒಮ್ಮೆ ಹಾರುವುದಿಲ್ಲ, ಅದೇನು ಪುರಾವೆ ಎಂದುಕೊಂಡೆ. “ಎರಡೂ ಒಂದೇ ಅತ್ತೀ,” ಎಂದೆ.

“ಬಾಯಾರು ಹೇಳಿದ ಮ್ಯಾಲ ಮುಗೀತು,” ಎಂದು ಬೀಗತಿ ಎದ್ದಳು. ಕಾಳು ಕೋಳಿಗೆ ಹೋಯಿತು. ನಾನು ಎರಡೂ ಕಡೆಯ ನುಸಿಯನ್ನು ಒಂದಿಷ್ಟು ಸ್ಪಿರಿಟಿನ ಸೀಸೆಗಳಿಗೆ ಹಾಕಿಕೊಂಡೆ. ಬರುವಾಗ ಅತ್ತೆ ಬಸ್ಸಿನಲ್ಲಿ ಶೇಂಗಾ ಸುಲಿದು ನನ್ನ ಕೈಗೆ ಹಾಕುತ್ತಿದ್ದಳು. ಮರುವರ್ಷದಿಂದ ಯಳವಿಯವರು ಅಂಗಡಿಯ ಬೀಜ ತಂದರು.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ನಂತರ ಒಂದು ಪುಸ್ತಕದಲ್ಲಿ ಓದಿದೆ: ಈ ಎರಡು ಜಾತಿಗಳನ್ನು ಅಳತೆಯಿಂದ ಗುರುತಿಸಲಾಗದು. ನುಸಿ ಯಾವ ಕಾಳಿನೊಳಗೆ ಬೆಳೆಯುತ್ತದೋ ಆ ಕಾಳಿನ ಅಳತೆಗೆ ತಕ್ಕ ಮೈ. ಮೆಕ್ಕೆಜೋಳದ ನುಸಿ ಜೋಳದ ಕಾಳಿನಲ್ಲಿ ಹುಟ್ಟಿದರೆ ಚಿಕ್ಕದಾಗಿಯೇ ಹೊರಬರುತ್ತದೆ. ಚುಕ್ಕೆಯನ್ನೂ ನೆಚ್ಚುವಂತಿಲ್ಲ. ಗಂಡುಹುಳದ ಹೊಟ್ಟೆ ಬಿಡಿಸಿ, ಯಾರೂ ನೋಡಬಾರದ್ದನ್ನು ನೋಡಬೇಕು. ಜೋಳದ ನುಸಿಯದ್ದು ಮೇಲೆ ನುಣುಪು, ಮೆಕ್ಕೆಜೋಳದ ನುಸಿಯದರ ಮೇಲೆ ಉದ್ದಕ್ಕೆ ಎರಡು ಗೀರು. ಇದನ್ನು ಓದಿದೆ, ಪುಟ ತಿರುವಿದೆ. ಸೀಸೆ ಕಪಾಟಿನಲ್ಲೇ ಇತ್ತು. ತೆಗೆಯಲು ನನಗೆ ಹೆದರಿಕೆಯಾಯಿತು.

ಮೊನ್ನೆ ಹಾಲು ಒರೆಸಿ ಸೀಸೆಗಳನ್ನು ತೆಗೆದೆ. ಯಳವಿ, ಉಟಗಿ ಎಂದು ಬೇರೆ ಬೇರೆ ಚೀಟಿ, ಆದರೆ ಎರಡರ ಮೇಲೂ ನನ್ನ ದುಂಡು ಅಕ್ಷರದಲ್ಲಿ ಒಂದೇ ಜಾತಿಯ ಹೆಸರು. ಹಳೆಯ ಸಾಲಿಯಿಂದ ಸೂಕ್ಷ್ಮದರ್ಶಕ ಕೇಳಿ ತಂದೆ. ಗಂಡಿನ ಸೊಂಡಿಲು ಗಿಡ್ಡ, ಒರಟು; ಅಂಥವನ್ನು ಆರಿಸಿಕೊಂಡೆ. ಈ ವಯಸ್ಸಿನಲ್ಲಿ ಕೂತು ಮಾಡುವ ಕೆಲಸ ಇದೇನಾ ಎಂದು ನನಗೇ ನಗು ಬಂತು. ಉಟಗಿಯವೆಲ್ಲ ನುಣುಪು. ಯಳವಿಯ ಮೊದಲನೆಯದರಲ್ಲಿ ಎರಡು ಗೀರು. ಎರಡನೆಯದರಲ್ಲೂ ಇತ್ತು. ಐದನೆಯದನ್ನು ನೋಡಿ ಸೂಜಿ ಕೆಳಗಿಟ್ಟೆ. ನಗು ಆಗಲೇ ನಿಂತಿತ್ತು.

ಮರುದಿನ ಉಟಗಿಗೆ ಹೋದೆ. ಎಂಬತ್ತು ದಾಟಿದ ನೀಲವ್ವ ಅತ್ತೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಎರಡು ಗೀರಿನ ವಿಷಯ ವಿವರಿಸಿದೆ. ಅವು ಎಲ್ಲಿರುತ್ತವೆಂಬುದನ್ನು ಮಾತ್ರ ನುಂಗಿಕೊಂಡೆ. ತಪ್ಪಾಯಿತು ಎಂದೆ. ಅವಳ ಕೈ ನಿಲ್ಲಲಿಲ್ಲ.

“ನನಗ ಯಾಕ ಹೇಳ್ತಿ ತಂಗಿ? ನನಗ ಅವತ್ತ ಗೊತ್ತಿತ್ತು. ಬೀಗತಿ ಅಂತೂ ಹೋದ್ಲು. ಶಾಂತಾ ಅದಾಳಲ್ಲ, ಆಕಿಗಿ ಹೇಳು. ಆಕಿ ನನ್ನ ಮಾತ ಬಿಟ್ಟು ನಿನ್ನ ಮಾತ ನಂಬ್ಯಾಳ.”

ಇಷ್ಟು ವರ್ಷ ನಾನು ಬೀಗರ ಮುಂದೆ ಅತ್ತೆಯ ಮಾನ ಕಳೆದೆ ಎಂದಷ್ಟೇ ತಿಳಿದಿದ್ದೆ. ಆ ದಿನ ಬಾಗಿಲ ಹಿಂದೆ ಶಾಂತಾ ನಿಂತಿದ್ದಳೆಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ತಲೆ ತಗ್ಗಿಸಿಕೊಂಡು ಎದ್ದೆ. ಜತ್ತದಲ್ಲಿ ಬಸ್ಸು ಬದಲಿಸಿ ಯಳವಿಗೆ ಹೋದೆ.

ಶಾಂತಾ ಈಗ ತಾನೂ ಸೊಸೆ ತಂದುಕೊಂಡವಳು. ಚಹಾ ಕೊಟ್ಟು ಎದುರಿಗೆ ಕೂತು ಎಲ್ಲ ಕೇಳಿದಳು. “ಅವ್ವ ನನ್ನ ಸಲುವಾಗಿ ಸುಳ್ಳ ಹೇಳ್ಯಾಳಂತ ತಿಳಿದಿದ್ನಿ ಅಕ್ಕಾ,” ಎಂದಳು. “ನನಗ ಭಾಳ ನಾಚಿಕಿ ಆಗಿತ್ತು. ಬೀಜ ಕಳಸಬ್ಯಾಡ ಅಂತ ನಾನೇ ಹೇಳಿಕಳಿಸಿದ್ನಿ. ಅತ್ತಿ ಅಂದಿದ್ದಲ್ಲ ಅದು.”

“ತಪ್ಪು ನಂದು ಶಾಂತಾ. ನಿನ್ನ ಅವ್ವ ಖರೇ ಹೇಳಿದ್ಲು,” ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಗೂಡಿನಲ್ಲಿದ್ದ ಫೋನು ತೆಗೆದುಕೊಂಡಳು.

“ಅವ್ವಾ, ನಾ ಶಾಂತಾ. ಈ ಸಲ ಹಿಂಗಾರಿಗಿ ನಿನ್ನ ಕಡೆ ಬೀಜ ಅದಾವೇನು?”

ಆ ಕಡೆಯಿಂದ, ಕಿವಿ ಮಂದವಾದವರು ಮಾತಾಡುವಂತೆ ಜೋರಾಗಿ, ನನಗೂ ಕೇಳುವಂತೆ, ನೀಲವ್ವ ಅತ್ತೆಯ ದನಿ ಬಂತು:

“ಎಷ್ಟ ಎಕರೆಕ ಬೇಕು?”